ರೈಜನ್ 7 7800ಎಕ್ಸ್3ಡಿ + ಆರ್‌ಟಿಎಕ್ಸ್ 4070 ಗೇಮಿಂಗ್ ಪಿಸಿ: ದೀರ್ಘ ಬಳಕೆಯ ನಂತರದ ವಿಮರ್ಶೆ

ಬಿಡಿಭಾಗಗಳು: ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5-6000 ಸಿಎಲ್30 ರ‍್ಯಾಮ್, 12 ಜಿಬಿಯ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್, 2 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 750 ವ್ಯಾಟ್ ಗೋಲ್ಡ್ ಪವರ್ ಸಪ್ಲೈ, ಮುಂಭಾಗದಲ್ಲಿ ಜಾಲರಿ ಇರುವ ಕ್ಯಾಬಿನೆಟ್. ಮಾನಿಟರ್ 1440ಪಿ (2560x1440 ಪಿಕ್ಸೆಲ್).

ಇಷ್ಟರಲ್ಲಿ ಮೊದಲು ಸೋಲುತ್ತಿರುವುದು ಗ್ರಾಫಿಕ್ಸ್ ಕಾರ್ಡ್. ವೇಗ ಈಗಲೂ ಸಾಲುತ್ತದೆ, ಸಾಲದಿರುವುದು 12 ಜಿಬಿ ಮೆಮೊರಿ. ರೇ ಟ್ರೇಸಿಂಗ್ (ಬೆಳಕಿನ ಹಾದಿ ಲೆಕ್ಕಹಾಕಿ ಚಿತ್ರಿಸುವುದು), ಫ್ರೇಮ್ ಜನರೇಷನ್ (ನಡುವಿನ ಚಿತ್ರಗಳನ್ನು ಕಾರ್ಡೇ ಊಹಿಸಿ ಸೇರಿಸುವುದು) ಎರಡೂ ಅದೇ ಮೆಮೊರಿಯನ್ನು ತಿನ್ನುತ್ತವೆ. ಅದು ತುಂಬಿದಾಗ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಚೆನ್ನಾಗಿಯೇ ಕಾಣಬಹುದು, ಆದರೆ ತಿರುಗಿದಾಗಲೆಲ್ಲ ಆಟ ತಡವರಿಸುತ್ತದೆ, ವಸ್ತುಗಳ ಮೇಲ್ಮೈ ಚಿತ್ರಗಳಾದ ಟೆಕ್ಸ್ಚರ್‌ಗಳು ಮಸುಕಾಗಿಯೇ ಉಳಿಯುತ್ತವೆ. ಟೆಕ್ಸ್ಚರ್ ಮಟ್ಟವನ್ನು ಅಲ್ಟ್ರಾದಿಂದ ಹೈಗೆ ಇಳಿಸಿದರೆ ಬಹುಪಾಲು ಆಟಗಳಲ್ಲಿ ತೊಂದರೆ ನಿಲ್ಲುತ್ತದೆ. ಹೊಸದಾಗಿ ಕಟ್ಟುವವರು 16 ಜಿಬಿಗಿಂತ ಕಡಿಮೆಯದನ್ನು 1440ಪಿಗೆ ಆರಿಸಬೇಡಿ.

ಪ್ರೊಸೆಸರ್ ವಿಷಯದಲ್ಲಿ ದೂರೇ ಇಲ್ಲ. ಚಿಪ್‌ನೊಳಗಿನ ವೇಗದ ಮೆಮೊರಿಯಾದ 96 ಎಂಬಿ ಎಲ್3 ಕ್ಯಾಶ್‌ನ ಫಲ ಸಿಮ್ಯುಲೇಶನ್, ಸ್ಟ್ರಾಟೆಜಿ ಮತ್ತು ನೂರಾರು ಆಟಗಾರರು ಸೇರುವ ಆಟಗಳಲ್ಲಿ ಎದ್ದು ಕಾಣುತ್ತದೆ. ಬರೀ ಕಥಾಪ್ರಧಾನ ಆಟಗಳನ್ನು 60-90 ಎಫ್‌ಪಿಎಸ್‌ನಲ್ಲಿ ಆಡುವವರಿಗೆ ಆರು ಕೋರ್‌ನ ರೈಜನ್ 5 7600 ಸಾಕು; ಉಳಿದ ಹಣ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಲಿ. ತಣ್ಣಗಿಡಲು ಒಳ್ಳೆಯ ಏರ್ ಕೂಲರ್ ಸಾಕು. ಟಿಡಿಪಿ (ಕೂಲರ್ ಆರಿಸಲು ಕಂಪನಿ ಕೊಡುವ ಶಾಖದ ಅಂಕಿ) 120 ವ್ಯಾಟ್ ಎಂದಿದ್ದರೂ ಆಟದಲ್ಲಿ ಬಳಕೆ ಅದಕ್ಕಿಂತ ಬಹಳ ಕಡಿಮೆ.

ಜನ ಹೆಚ್ಚು ಎಡವುವುದು ರ‍್ಯಾಮ್‌ನಲ್ಲಿ. ಪ್ರೊಸೆಸರ್‌ನಿಂದ ಎಣಿಸಿದರೆ 2 ಮತ್ತು 4ನೇ ಸ್ಲಾಟ್‌ಗಳಲ್ಲೇ ಕೂರಿಸಿ. ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೈನಿಂಗ್ (ರ‍್ಯಾಮ್‌ಗೆ ಹೊಂದುವ ಸೆಟ್ಟಿಂಗ್ ಹುಡುಕುವ ಕೆಲಸ) ನಡೆಯುತ್ತದೆ, ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಕೆಟ್ಟಿದೆ ಎಂದುಕೊಂಡು ಪವರ್ ತೆಗೆಯಬೇಡಿ. ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್ ತಂತ್ರಾಂಶ) ಎಕ್ಸ್‌ಪೋ ಎಂಬ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡದಿದ್ದರೆ 6000 ವೇಗದ ಕಿಟ್ ಸಾಮಾನ್ಯವಾಗಿ 4800ರಲ್ಲೇ ಓಡುತ್ತದೆ. ಆದರೆ ಅದಕ್ಕೂ ಮೊದಲು ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ: 2023ರಲ್ಲಿ ಕೆಲವು ಚಿಪ್‌ಗಳು ಸುಟ್ಟುಹೋದ ಮೇಲೆ ಎಸ್‌ಒಸಿ ವೋಲ್ಟೇಜ್‌ಗೆ (ಪ್ರೊಸೆಸರ್‌ನ ಮೆಮೊರಿ ನಿಯಂತ್ರಕ ಇರುವ ಭಾಗದ ವೋಲ್ಟೇಜ್) 1.3 ವೋಲ್ಟ್ ಮಿತಿ ಬಂದದ್ದು ಬಯೋಸ್ ಮೂಲಕವೇ. ಮುಂದೆ ಇನ್ನೆರಡು ಸೇರಿಸಿ 64 ಜಿಬಿ ಮಾಡಿಕೊಳ್ಳೋಣ ಎಂಬ ಲೆಕ್ಕ ಇಲ್ಲಿ ನಡೆಯದು. ನಾಲ್ಕು ಸ್ಲಾಟ್ ತುಂಬಿದರೆ ಅಧಿಕೃತ ವೇಗ 3600ಕ್ಕೆ ಇಳಿಯುತ್ತದೆ. 64 ಬೇಕಿದ್ದರೆ ಆರಂಭದಲ್ಲೇ 32ರ ಎರಡು ತೆಗೆದುಕೊಳ್ಳಿ.

ಎಸ್‌ಎಸ್‌ಡಿ ಹೀಟ್‌ಸಿಂಕ್‌ನ ಥರ್ಮಲ್ ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಪೊರೆ ಕೀಳುವುದನ್ನು ಮರೆಯಬೇಡಿ.

ಕೇಬಲ್ ಬಗ್ಗೆ ಮಾತ್ರ ರಾಜಿ ಬೇಡ. ಕಾರ್ಡ್‌ನಲ್ಲಿ 16 ಪಿನ್ ಕನೆಕ್ಟರ್ ಇದ್ದರೆ ಸಂದು ಕಾಣದಷ್ಟು ಪೂರ್ತಿ ಒತ್ತಿ, ಮೊದಲ 35 ಮಿ.ಮೀ. ನೇರವಾಗಿಯೇ ಬಿಡಿ. ಅರ್ಧ ಕೂತ ಕನೆಕ್ಟರ್ ಬಿಸಿಯಾಗಿ ಕರಗಬಹುದು. ಹಳೆಯ ಪವರ್ ಸಪ್ಲೈನ ಮಾಡ್ಯುಲರ್ (ಎರಡೂ ತುದಿ ಬಿಚ್ಚಬಹುದಾದ) ಕೇಬಲ್ ಹೊಸದಕ್ಕೆ ಹಾಕಲೇಬೇಡಿ. ಪವರ್ ಸಪ್ಲೈ ಕಡೆಯ ಪಿನ್ ಜೋಡಣೆ ಒಂದೊಂದರಲ್ಲಿ ಒಂದೊಂದು ಥರ. ಪ್ಲಗ್ ಸರಿಯಾಗಿ ಕೂತರೂ ಡ್ರೈವ್ ಸುಟ್ಟುಹೋಗಬಹುದು.

ಧೂಳಿನ ಫಿಲ್ಟರ್ ಕಟ್ಟಿಕೊಂಡರೆ ಮೊದಲು ಏರುವುದು ಫ್ಯಾನ್ ಸದ್ದು, ಆಮೇಲೆ ತಾಪಮಾನ. ಧೂಳು ತೆಗೆಯಲು ಗಾಳಿ ಊದುವಾಗ ಫ್ಯಾನ್ ರೆಕ್ಕೆಗಳನ್ನು ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

ಮುಂದೆ ಬದಲಿಸಬೇಕಾದ್ದು ಕಾರ್ಡ್ ಒಂದೇ. 300 ವ್ಯಾಟ್‌ನ, 16 ಜಿಬಿಯ ಆರ್‌ಟಿಎಕ್ಸ್ 5070 ಟಿಐಗೂ ಈ 750 ವ್ಯಾಟ್ ಸಾಲುತ್ತದೆ. ಕೊಳ್ಳುವ ಮೊದಲು ಕ್ಯಾಬಿನೆಟ್‌ನ ಒಳಗಿನ ಉದ್ದ ಅಳೆಯಿರಿ, ಮುಂದಿನ ಫ್ಯಾನ್‌ಗಳ ದಪ್ಪ ಕಳೆದು.