ಐದು ವರ್ಷ ಕಪ್ಲರ್ ಬಳಸಿದ್ದೇನೆ: ದಪ್ಪ ಕಂಬಿಗೆ ಇದೇ ಸರಿ, ಆದರೆ ಥ್ರೆಡ್ ನೋಡಿಕೊಳ್ಳಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸೈಟುಗಳಲ್ಲಿ ನನ್ನ ಕೆಲಸ. ಕಾಲಂ ಕಂಬಿ ಜೋಡಿಸಲು ಐದು ವರ್ಷದಿಂದ ಥ್ರೆಡ್ ಇರುವ ಕಪ್ಲರ್, ಅಂದರೆ ಎರಡು ಕಂಬಿಯ ತುದಿ ತಿರುಗಿಸಿ ಸೇರಿಸುವ ಉಕ್ಕಿನ ಕೊಳವೆ, ಬಳಸುತ್ತಿದ್ದೇನೆ.

ಮೊದಲು ಎಲ್ಲದಕ್ಕೂ ಲ್ಯಾಪೇ, ಅಂದರೆ ಎರಡು ಕಂಬಿ ಪಕ್ಕಪಕ್ಕ ಇಟ್ಟು ಕಟ್ಟುವುದು. ಒಂದು ಬೇಸ್‌ಮೆಂಟ್ ಕಾಲಂಗೆ 32 ಎಂಎಂ ಕಂಬಿ ಬಂತು. ಲ್ಯಾಪ್ ಇರುವ ಕಡೆ ಕಂಬಿ ಎಷ್ಟು ಒತ್ತಾಗಿ ನಿಂತಿತ್ತು ಅಂದರೆ ವೈಬ್ರೇಟರ್ ಒಳಗೆ ಇಳಿಯಲೇ ಇಲ್ಲ, ಶಟರಿಂಗ್ ಬಿಚ್ಚಿದಾಗ ಬುಡದಲ್ಲಿ ಬರೀ ಜಲ್ಲಿ ಕಾಣುತ್ತಿತ್ತು. ಹೊಟ್ಟೆ ಉರಿದುಹೋಯಿತು. ಅಲ್ಲಿಂದ ಕಪ್ಲರ್ ಹಿಡಿದೆ.

ಲೆಕ್ಕವೂ ನೋಡಿ. ಎಂ25 ದರ್ಜೆಯ ಕಾಂಕ್ರೀಟು, ಎಫ್‌ಇ 500 ದರ್ಜೆಯ ಕಂಬಿ ಆದರೆ ಎಳೆತ ಬೀಳುವ ಕಡೆ ವ್ಯಾಸದ ಸುಮಾರು 49 ಪಟ್ಟು ಲ್ಯಾಪ್ ಬೇಕು. 32 ಎಂಎಂಗೆ ಅದು ಒಂದೂವರೆ ಮೀಟರಿಗೂ ಜಾಸ್ತಿ. ಒಂದೊಂದು ಜೋಡಣೆಗೂ ಹತ್ತಿರ ಹತ್ತಿರ 10 ಕೆಜಿ ಕಬ್ಬಿಣ ಹೋಗುತ್ತದೆ. 16 ಎಂಎಂಗೆ ಒಂದೂಕಾಲು ಕೆಜಿ ಅಷ್ಟೇ, ಅಲ್ಲಿ ಸುಮ್ನೆ ಲ್ಯಾಪ್ ಹಾಕಿ.

ಕಪ್ಲರ್ ಒಡೆದದ್ದು ನಾನು ಒಂದೂ ನೋಡಿಲ್ಲ. ಕೈ ಕೊಡುವುದು ಥ್ರೆಡ್. ಒಮ್ಮೆ ಎಳೆದು ಪರೀಕ್ಷಿಸಲು ಲ್ಯಾಬಿಗೆ ಮೂರು ಸ್ಯಾಂಪಲ್ ಕಳಿಸಿದ್ದೆವು. ಎರಡರಲ್ಲಿ ಕಪ್ಲರಿನಿಂದ ದೂರ ಕಂಬಿಯೇ ತುಂಡಾಯಿತು, ಹಾಗೇ ಆಗಬೇಕು. ಮೂರನೆಯದು ಕಪ್ಲರಿನಿಂದ ಕಳಚಿ ಬಂತು. ಥ್ರೆಡಿಂಗ್ ಮಷೀನಿನ ರೋಲರ್ ಸವೆದಿತ್ತು. ಉಗುರು ಎಳೆದರೆ ಚೂಪಾಗಿ ತಾಗಬೇಕಾದ ಹಲ್ಲು ಮೊಂಡಾಗಿತ್ತು. ಆ ದಿನದ ಅಷ್ಟೂ ಕಂಬಿಯ ತುದಿ ಕತ್ತರಿಸಿ ಮತ್ತೆ ಥ್ರೆಡ್ ಹಾಕಿಸಿದೆವು. ಈಗ ಥ್ರೆಡ್ ಅಳತೆ ಸರಿಯಿದೆಯೇ ಎಂದು ನೋಡುವ ಗೋ, ನೋ-ಗೋ ಗೇಜ್ ಇಲ್ಲದೆ ಒಂದು ಕಂಬಿಯೂ ಮೇಲೆ ಹೋಗುವುದಿಲ್ಲ. ಕಪ್ಲರಿನ ಭಾರತೀಯ ಮಾನದಂಡ ಐಎಸ್ 16172ರ ಸ್ಲಿಪ್ ಟೆಸ್ಟಿನಲ್ಲಿ ಕಂಬಿ ಜಾರಲು ಬಿಡುವುದೇ 0.1 ಎಂಎಂ, ಅಂದಾಜಿನ ಕೆಲಸ ಇಲ್ಲಿ ನಡೆಯಲ್ಲ.

ತುದಿಯನ್ನು ಕಟರ್‌ನಲ್ಲಿ ಒತ್ತಿ ಕತ್ತರಿಸಿದರೆ ಸೊಟ್ಟಗಾಗುತ್ತದೆ, ಗರಗಸದ ಮಷೀನಿನಲ್ಲೇ ನೇರವಾಗಿ ಕುಯ್ಯಿಸಿ. ಪ್ಲಾಸ್ಟಿಕ್ ಕ್ಯಾಪ್ ಬಗ್ಗೆ ದಯವಿಟ್ಟು ಅಸಡ್ಡೆ ಬೇಡ. ಕ್ಯಾಪ್ ಬಿದ್ದುಹೋದ ಕಂಬಿಗೆ ಸಿಮೆಂಟ್ ಹಾಲು ಹತ್ತಿ ಗಟ್ಟಿಯಾದರೆ, ಬಾರ್ ಬೆಂಡರ್ ಹುಡುಗರು ವೈರ್ ಬ್ರಷ್ ಹಿಡಿದು ಬಿಸಿಲಲ್ಲಿ ಒಂದೊಂದೇ ಹಲ್ಲು ಉಜ್ಜುತ್ತಾ ಕೂರಬೇಕು, ಪಾಪ. ಬಿಗಿ ಮಾಡಿದ ಮೇಲೆ ಟಾರ್ಕ್ ವ್ರೆಂಚ್ ಹಾಕಿ, ಪೇಂಟಿನಲ್ಲಿ ಗುರುತು ಮಾಡಿಸಿ.

ಕಪ್ಲರ್ ಕಂಬಿಗಿಂತ ದಪ್ಪ, ಅದರ ಮೇಲೆ ರಿಂಗ್ (ಕಂಬಿಗಳನ್ನು ಸುತ್ತುವ ಸಣ್ಣ ಕಂಬಿ) ಬಂದರೆ ಕವರ್, ಅಂದರೆ ಹೊರಗಿನ ಕಾಂಕ್ರೀಟಿನ ದಪ್ಪ, ಕಡಿಮೆಯಾಗುತ್ತದೆ. ಡ್ರಾಯಿಂಗ್‌ನಲ್ಲೇ ನೋಡಿಕೊಳ್ಳಿ. ಇನ್ನೊಂದು, ಎಲ್ ಆಕಾರಕ್ಕೆ ಬಗ್ಗಿಸಿದ ಬೀಮಿನ ಕಂಬಿಯನ್ನು ತಿರುಗಿಸಲು ಆಗಲ್ಲ ಅಲ್ವಾ, ಅದಕ್ಕೆ ಕಂಬಿ ತಿರುಗಿಸದೆಯೇ ಜೋಡಿಸುವ ಪೊಸಿಷನ್ ಕಪ್ಲರ್ ಬೇಕು. ಮೊದಲೇ ಆರ್ಡರ್ ಮಾಡಿ, ನಮಗೆ ಇದೊಂದಕ್ಕೆ ಎರಡು ದಿನ ಕೆಲಸ ನಿಂತಿತ್ತು.