ಹಡಗಿನ ಹಳೆಯ ಗಿರಾಕಿಗೆ ದಕ್ಕುವುದೇನು?

ಕ್ರೂಸ್ ಹಡಗುಗಳಲ್ಲಿ ಮತ್ತೆ ಮತ್ತೆ ಪ್ರಯಾಣಿಸುವವರಿಗಾಗಿ ಕಂಪನಿಗಳು ನಡೆಸುವ ಸದಸ್ಯತ್ವ ಯೋಜನೆಗಳನ್ನು ನಾನು ಅಳೆಯುವುದು ಬಟ್ಟೆ ಒಗೆಸುವ ಸೌಲಭ್ಯದಿಂದ. ದೀರ್ಘಯಾನದ ಆರನೆಯ ದಿನ ಕಪಾಟಿನಲ್ಲಿರುವ ಚೀಲಕ್ಕೆ ಮಾಸಿದ ಅಂಗಿಗಳನ್ನು ತುಂಬಿ, ಚೀಟಿಯಲ್ಲಿ ಲೆಕ್ಕ ಬರೆದು ಹಾಸಿಗೆಯ ಮೇಲಿಟ್ಟು ಹೋದರೆ, ಒಂದೆರಡು ದಿನಗಳಲ್ಲಿ ಅವು ಇಸ್ತ್ರಿಯಾಗಿ ಹ್ಯಾಂಗರುಗಳಲ್ಲಿ ತೂಗುತ್ತಿರುತ್ತವೆ. ಬಿಲ್ಲಿನಲ್ಲಿ ಅದರ ಹೆಸರಿಗೆ ಒಂದು ಕಾಸೂ ಏರಿರುವುದಿಲ್ಲ. ಹಡಗಿನಲ್ಲಿ ಲಾಂಡ್ರಿಯ ದರ ಎಷ್ಟೆಂದು ಬಲ್ಲವರಿಗೆ ಈ ಸೌಲಭ್ಯದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಿನ್ಸೆಸ್ ಕಂಪನಿಯ 'ಕ್ಯಾಪ್ಟನ್ಸ್ ಸರ್ಕಲ್' ಯೋಜನೆಯಲ್ಲಿ ಇದು ಎಲೀಟ್ ದರ್ಜೆಯವರಿಗೆ ಸಿಗುತ್ತದೆ. 15 ಯಾನಗಳನ್ನಾಗಲಿ 150 ದಿನಗಳನ್ನಾಗಲಿ ಮುಗಿಸಿದವರು ಆ ದರ್ಜೆಗೆ ಏರುತ್ತಾರೆ. ಈ 'ಆಗಲಿ' ಎಂಬ ಪದದಲ್ಲೇ ಸ್ವಾರಸ್ಯವಿದೆ. ಮೂರು ರಾತ್ರಿಗಳ ಪುಟ್ಟ ಯಾನಗಳನ್ನು ಹದಿನೈದು ಬಾರಿ ಮಾಡಿದವರು 45 ರಾತ್ರಿಗಳಲ್ಲೇ ತುದಿ ಮುಟ್ಟುತ್ತಾರೆ. ಐವತ್ತು ದಿನಗಳ ಎರಡು ಮಹಾಯಾನಗಳನ್ನು ಮಾಡಿ ಬಂದವರು ಇನ್ನೂ ಕೆಳಗಿನ ಮೆಟ್ಟಿಲಲ್ಲೇ ಇರುತ್ತಾರೆ. ಒಬ್ಬರೇ ಕ್ಯಾಬಿನ್ ಹಿಡಿದವರಿಗೂ ಸೂಟ್ ಎಂಬ ದೊಡ್ಡ ಐಷಾರಾಮಿ ಕೋಣೆಯಲ್ಲಿ ತಂಗಿದವರಿಗೂ ಒಂದು ಯಾನ ಎರಡೆಂದು ಲೆಕ್ಕವಾಗುವುದರಿಂದ ಅವರ ದಾರಿ ಇನ್ನೂ ಹತ್ತಿರದ್ದು. ಈ ಲೆಕ್ಕ ನ್ಯಾಯವೋ ಅಲ್ಲವೋ, ಬಲ್ಲವರು ಇದನ್ನು ಚೆನ್ನಾಗಿಯೇ ಬಳಸಿಕೊಳ್ಳುತ್ತಾರೆ.

ರಾಯಲ್ ಕೆರಿಬಿಯನ್‌ನ 'ಕ್ರೌನ್ ಅಂಡ್ ಆಂಕರ್ ಸೊಸೈಟಿ' ರಾತ್ರಿಗಳನ್ನು ಎಣಿಸುತ್ತದೆ: ರಾತ್ರಿಗೊಂದು ಪಾಯಿಂಟ್, ಸೂಟ್ ಆದರೆ ಎರಡು. ಗೋಲ್ಡ್‌ಗೆ 3, ಪ್ಲಾಟಿನಮ್‌ಗೆ 30, ಎಮರಾಲ್ಡ್‌ಗೆ 55, ಡೈಮಂಡ್‌ಗೆ 80 ಪಾಯಿಂಟ್‌ಗಳು ಬೇಕು. ನನ್ನ ಮಟ್ಟಿಗೆ ಈ ಯೋಜನೆಯ ನಿಜವಾದ ಬಾಗಿಲು ತೆರೆಯುವುದು ಡೈಮಂಡ್‌ನಲ್ಲಿ. ದಿನಕ್ಕೆ ನಾಲ್ಕು ಪಾನೀಯಗಳ ಕೂಪನ್‌ಗಳು ಕ್ಯಾಬಿನ್ ಕಾರ್ಡಿನಲ್ಲೇ ತುಂಬಿರುತ್ತವೆ. ಮದ್ಯ ಸೇವಿಸದವರು ಅವನ್ನು ಒಳ್ಳೆಯ ಕಾಫಿಗೂ ಬಳಸಬಹುದು. ಅಲ್ಲಿಂದ ಮುಂದೆ ಏಣಿಯ ಮೆಟ್ಟಿಲುಗಳ ನಡುವಿನ ಅಂತರ ವಿಪರೀತ ಹಿಗ್ಗುತ್ತದೆ. ಡೈಮಂಡ್ ಪ್ಲಸ್‌ಗೆ 175 ಪಾಯಿಂಟ್, ಆಗ ಸಿಗುವುದು ದಿನಕ್ಕೆ ಐದನೆಯ ಕೂಪನ್ ಮತ್ತು ಇತರ ಸಣ್ಣಪುಟ್ಟ ಸೇರ್ಪಡೆಗಳು. ಶಿಖರದಲ್ಲಿರುವ ಪಿನಾಕಲ್ ಕ್ಲಬ್‌ಗೆ 700, ಅಂದರೆ ಸಾಮಾನ್ಯ ಕ್ಯಾಬಿನ್ನಿನಲ್ಲಿ ವಾರದ ಯಾನಗಳನ್ನು ನೂರು ಬಾರಿ ಮಾಡಬೇಕು. ಅಲ್ಲಿಗೆ ತಲುಪಿದವರಿಗೆ ಒಂದು ಉಚಿತ ಯಾನವೇನೋ ಸಿಗುತ್ತದೆ, ಆದರೆ ಅಷ್ಟರೊಳಗೆ ತೆತ್ತ ಹಣದ ಮುಂದೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಾಗಿದ್ದರೂ ಅಂಗಿಯ ಮೇಲೆ ಪಿನಾಕಲ್ ಪಿನ್ ಚುಚ್ಚಿಕೊಂಡವರನ್ನು ಕಂಡಾಗ ಪಕ್ಕದ ಮೇಜಿನವರು ಮಾತು ನಿಲ್ಲಿಸಿ ನೋಡುವುದು ಸುಳ್ಳಲ್ಲ.

ರಾಯಲ್ ಕೆರಿಬಿಯನ್‌ನ ಒಂದು ನಿಯಮವನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ಒಂದೇ ಮನೆಯಲ್ಲಿರುವ ಗಂಡ ಹೆಂಡಿರಲ್ಲಿ ಯಾರ ದರ್ಜೆ ಹೆಚ್ಚೋ ಅದು ಇಬ್ಬರಿಗೂ ಸಲ್ಲುತ್ತದೆ. ಇಷ್ಟು ಸರಳವಾದ ಸೌಜನ್ಯ ಎಲ್ಲ ಕಂಪನಿಗಳಲ್ಲೂ ಇಲ್ಲ.

ಇನ್ನು 'ಆದ್ಯತೆ' ಎಂಬ ಮಾತು. ಹೆಸರು ಬೇಡ, ಒಂದು ಹಡಗಿನಲ್ಲಿ ಇಳಿಯುವ ದಿನ ಬೆಳಿಗ್ಗೆ ಮೇಲ್ದರ್ಜೆಯವರಿಗೆಂದು ಗುರುತಿಸಿದ್ದ ಕೋಣೆಗೆ ಹೋದೆ. ಕುರ್ಚಿಗಳೆಲ್ಲ ಭರ್ತಿಯಾಗಿ ಜನ ಗೋಡೆಗೊರಗಿ ನಿಂತಿದ್ದರು, ಕಾಫಿಯ ಪಾತ್ರೆ ಬರಿದಾಗಿತ್ತು. ಗಾಜಿನಾಚೆ, ಯಾವ ದರ್ಜೆಯೂ ಇಲ್ಲದವರ ಸಾಲು ನಮಗಿಂತ ಬೇಗ ಕರಗುತ್ತಿತ್ತು. ವರ್ಷಗಟ್ಟಲೆ ಪಾಯಿಂಟ್‌ಗಳನ್ನು ಹಂಚಿ, ಹಂಚಿದ್ದನ್ನು ಹಿಂತೆಗೆದುಕೊಳ್ಳದೆ ಹೋದರೆ ಹೀಗಾಗುವುದು ಸಹಜವೇ. ಎಲ್ಲರೂ ಮುಂದಿನ ಸಾಲಿನವರಾದರೆ ಹಿಂದಿನ ಸಾಲೇ ಚುರುಕು.

ಪ್ರತಿಷ್ಠೆಯ ಚಿಹ್ನೆಗಳ ವಿಷಯದಲ್ಲಿ ನಾನು ಹೆಚ್ಚು ಅಂಕ ಕೊಡುವುದು ಹಾಲೆಂಡ್ ಅಮೆರಿಕಾ ಕಂಪನಿಯ 'ಮರೀನರ್ ಸೊಸೈಟಿ'ಗೆ. ನಕ್ಷತ್ರಗಳಿಂದ ಗುರುತಿಸುವ ಸದಸ್ಯರ ದರ್ಜೆಗೆ ಹಡಗಿನಲ್ಲಿ ಮಾಡಿದ ಖರ್ಚು ಕೂಡ ನೆರವಾಗುತ್ತದೆ, ಪದಕಗಳಿಗೆ ಮಾತ್ರ ನಿಜವಾಗಿ ಹಡಗಿನಲ್ಲಿ ಕಳೆದ ದಿನಗಳೇ ಲೆಕ್ಕ: 100 ದಿನಗಳಿಗೆ ಕಂಚು, 300ಕ್ಕೆ ಬೆಳ್ಳಿ, 500ಕ್ಕೆ ಚಿನ್ನ, 700ಕ್ಕೆ ಪ್ಲಾಟಿನಮ್. 1,400 ದಿನಗಳನ್ನು, ಎಂದರೆ ಬದುಕಿನ ಸುಮಾರು ನಾಲ್ಕು ವರ್ಷಗಳನ್ನು, ಆ ಹಡಗುಗಳಲ್ಲೇ ಕಳೆದವರಿಗೆ ಪ್ರೆಸಿಡೆಂಟ್ಸ್ ಕ್ಲಬ್ ಇದೆ. ಹಳೆಯ ಪ್ರಯಾಣಿಕರ ಸತ್ಕಾರಕೂಟದಲ್ಲಿ ಹೆಸರು ಕರೆದು, ಕ್ಯಾಪ್ಟನ್ ಜೊತೆ ಫೋಟೋ ತೆಗೆಸಿ, ಪದಕ ಕೊಡುತ್ತಾರೆ. ಅದರಿಂದ ಕಾಫಿಯೂ ಬಾರದು, ಕ್ಯಾಬಿನ್ನೂ ದೊಡ್ಡದಾಗದು. ಲಾಭದ ಸೋಗು ಹಾಕದೆ ತಾನು ಬರೀ ಪದಕವೆಂದು ಒಪ್ಪಿಕೊಳ್ಳುವುದರಿಂದಲೇ ಇರಬೇಕು, ಊರುಗೋಲು ಹಿಡಿದ ಹಿರಿಯರೊಬ್ಬರು ಅದನ್ನು ಕೊರಳಿಗೆ ಹಾಕಿಕೊಂಡು ಊಟದ ಕೋಣೆಗೆ ಬಂದಾಗ ನನಗೆ ನಗು ಬರಲಿಲ್ಲ. ರಾಯಲ್ ಕೆರಿಬಿಯನ್ 140 ಪಾಯಿಂಟ್‌ಗಳಿಗೆ ಕೊಡುವ ಸ್ಫಟಿಕದ ಗಟ್ಟಿಗೆ ಆ ಗಾಂಭೀರ್ಯವಿಲ್ಲ. ಅದಕ್ಕಿರುವುದು ತೂಕ ಮಾತ್ರ.

ಈ ಲೆಕ್ಕಾಚಾರಗಳೂ ಶಾಶ್ವತವಲ್ಲ. ಕಾರ್ನಿವಲ್ ಕಂಪನಿ ದಿನಕ್ಕೊಂದು ಪಾಯಿಂಟ್ ಕೊಟ್ಟು, 200ಕ್ಕೆ ಡೈಮಂಡ್ ದರ್ಜೆ ನೀಡುತ್ತಿದ್ದ ತನ್ನ ಯೋಜನೆಯ ಬದಲಿಗೆ, ಖರ್ಚನ್ನು ಆಧರಿಸಿದ ಹೊಸ ಯೋಜನೆಯನ್ನು ತರುವುದಾಗಿ 2025ರಲ್ಲಿ ಪ್ರಕಟಿಸಿತು. ಅದರಲ್ಲಿ ದರ್ಜೆಯನ್ನು ಗಳಿಸುವುದಷ್ಟೇ ಅಲ್ಲ, ಮತ್ತೆ ಖರ್ಚು ಮಾಡಿ ಉಳಿಸಿಕೊಳ್ಳಲೂ ಬೇಕು. ಅಗ್ಗದ ಕ್ಯಾಬಿನ್ನಿನಲ್ಲಿ ಇಪ್ಪತ್ತು ವರ್ಷ ಓಡಾಡಿದವರಿಗಿಂತ, ಎರಡು ವರ್ಷ ಕೈಬಿಚ್ಚಿ ಸುರಿದವರು ಮುಂದಾಗುವ ವ್ಯವಸ್ಥೆ ಇದು. ವ್ಯಾಪಾರದ ದೃಷ್ಟಿಯಿಂದ ಇದು ಅರ್ಥವಾಗುತ್ತದೆ, ಆದರೆ 'ನಿಷ್ಠೆ' ಎಂಬ ಹೆಸರನ್ನು ಅದಕ್ಕೆ ಅಂಟಿಸುವುದು ನನಗೆ ಒಗ್ಗುವುದಿಲ್ಲ.

ಈ ಯೋಜನೆಗಳಿಗೆ ಸೇರಲು ಶುಲ್ಕವಿಲ್ಲ, ಹಾಗಾಗಿ ಸದಸ್ಯತ್ವ ಸಂಖ್ಯೆಯನ್ನು ಬುಕಿಂಗ್‌ಗೆ ಸೇರಿಸಿಕೊಳ್ಳಲು ಮರೆಯಬೇಡಿ. ರಾಯಲ್ ಕೆರಿಬಿಯನ್‌ನಲ್ಲಾದರೆ 80ರವರೆಗೆ ಪಾಯಿಂಟ್ ಎಣಿಸುವುದಕ್ಕೆ ಅರ್ಥವಿದೆ. ಆಮೇಲೆ ಇಷ್ಟವಾದ ಹಡಗು ಯಾವ ಕಂಪನಿಯದ್ದಾದರೂ ಹತ್ತಿ, ಅಂಗಿಗಳನ್ನು ಎರಡು ಹೆಚ್ಚು ಒಯ್ದರಾಯಿತು.