ವಿ-ಕ್ರಾಸ್‌ಗೆ ಯಾವ ವೀಲ್: ಸ್ಟೀಲ್, ಹೊಸ ಅಲಾಯ್, ಇಲ್ಲಾ ಫಾರ್ಚೂನರ್‌ದು?

ಇಸುಜು ವಿ-ಕ್ರಾಸ್ ಪಿಕಪ್‌ನ 18 ಇಂಚಿನ ವೀಲ್ ನೋಡೋಕೆ ಚೆಂದ, ಸಕಲೇಶಪುರದ ಕಡೆಯ ತೋಟದ ದಾರಿಗೆ ಮಾತ್ರ ಆಗಿಬರುವುದಿಲ್ಲ. 255/60 ಟೈರು ಅಂದರೆ ಅಗಲ 255 ಮಿ.ಮೀ., ಸೈಡ್‌ವಾಲ್ ಅದರ ಶೇ. 60, ಬರೀ 153 ಮಿ.ಮೀ. ಕಲ್ಲಿಗೆ ಬಡಿದರೆ ಪೆಟ್ಟು ನೇರ ರಿಮ್‌ಗೆ. ಹಾಗಾಗಿ ಮೂರು ಬಗೆ ಹಾಕಿ ಓಡಿಸಿದೆ: 16 ಇಂಚಿನ ಸ್ಟೀಲ್ ಡಿಸ್ಕ್‌ಗೆ 265/70 ಟೈರು, ಹೊರಗಿನ ಕಂಪನಿಯ 17 ಇಂಚಿನ ಅಲಾಯ್‌ಗೂ ಫಾರ್ಚೂನರ್‌ನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ 17 ಇಂಚಿಗೂ 265/65. ಮೂರರ ಎತ್ತರವೂ ಹತ್ತಿರಹತ್ತಿರ 777 ಮಿ.ಮೀ., ಒರಿಜಿನಲ್‌ಗಿಂತ ಶೇ. 2ರಷ್ಟು ಜಾಸ್ತಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಸ್ಟೀಲ್ ಅಗ್ಗ. ಬೆಂಡಾದರೆ ಪಂಕ್ಚರ್ ಅಂಗಡಿಯಲ್ಲೇ ಸುತ್ತಿಗೆಯಲ್ಲಿ ತಟ್ಟಿ ಕೊಡುತ್ತಾರೆ. ಆದರೆ ನನಗೆ ಸಿಕ್ಕಿದ್ದು ಜೀರೋ ಆಫ್‌ಸೆಟ್, ಒರಿಜಿನಲ್‌ದು ಪ್ಲಸ್ ಮೂವತ್ತು ಮಿ.ಮೀ.ನ ಆಸುಪಾಸು. ಆಫ್‌ಸೆಟ್ ಅಂದರೆ ವೀಲ್‌ನ ಅಗಲದ ನಡುವಿನಿಂದ ಅದನ್ನು ಗಾಡಿಗೆ ಬಿಗಿಯುವ ಮೈ ಎಷ್ಟು ಆಚೆಗಿದೆ ಅನ್ನೋ ಅಳತೆ; ಕಡಿಮೆ ಆದಷ್ಟೂ ಚಕ್ರ ಹೊರಕ್ಕೆ. ಚಕ್ರ ಮೂರು ಸೆಂ.ಮೀ.ನಷ್ಟು ಆಚೆ ಬಂತು. ಗತ್ತಾಗಿ ಕಾಣುತ್ತದೆ, ನಿಜ. ಮಳೆಗಾಲದಲ್ಲಿ ಕೆಸರು ಬಾಗಿಲ ಹಿಡಿಯ ತನಕ ಹಾರುತ್ತದೆ, ಪೂರ್ತಿ ತಿರುಗಿಸಿದರೆ ಮಡ್‌ಫ್ಲ್ಯಾಪ್‌ಗೆ ಉಜ್ಜುತ್ತದೆ, ಒಂದು ಕಡೆಯ ಚಕ್ರ ಗುಂಡಿಗೆ ಇಳಿದರೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಬೇರಿಂಗಿಗೂ ಹೊರೆ ಜಾಸ್ತಿ.

ಹೊಸ ಅಲಾಯ್ ನೋಡೋಕೆ ಎಲ್ಲಕ್ಕಿಂತ ಚೆನ್ನಾಗಿತ್ತು, ದುಡ್ಡೂ ಹಾಗೇ. ಓಡಿಸೋಕೆ ದೂರಿಲ್ಲ. ಆದರೆ ಇದು ಪಿಕಪ್, ಹಿಂದೆ ಕಾಫಿ ಮೂಟೆ ಹೇರುತ್ತೇವೆ ಅಲ್ವಾ? ವೀಲ್‌ನ ಒಳಮೈಯಲ್ಲಿ ಲೋಡ್ ಎಷ್ಟು ಕೆಜಿ ಅಂತ ಅಚ್ಚಿರಬೇಕು, ಅದರ ಎರಡರಷ್ಟು ಹಿಂದಿನ ಆಕ್ಸಲ್ ಹೊರುವ ತೂಕಕ್ಕಿಂತ ಕಡಿಮೆ ಇರಬಾರದು. ಅಂಗಡಿಯಲ್ಲಿ ತಿರುಗಿಸಿ ನೋಡಿದರೆ ಕೆಲವಕ್ಕೆ ಅಚ್ಚೇ ಇರಲಿಲ್ಲ. ಅಂಥದ್ದು ಸುಮ್ನೆ ಕೊಟ್ಟರೂ ಬೇಡ.

ನಾನು ಉಳಿಸಿಕೊಂಡಿದ್ದು ಫಾರ್ಚೂನರ್‌ದು. ಆಫ್‌ಸೆಟ್ ಒರಿಜಿನಲ್‌ಗೆ ಹತ್ತಿರ, ಲೋಡ್ ಹಾಕಿಕೊಂಡು ಶಿರಾಡಿ ಘಾಟಿ ಇಳಿಯುವಾಗಲೂ ಗಾಡಿ ಅಲುಗುವುದಿಲ್ಲ. ಆದರೆ ಸೀದಾ ಹಾಕೋಕೆ ಬರುವುದಿಲ್ಲ. ಆರು ಬೋಲ್ಟು, 139.7 ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ, ಮಿ.ಮೀ.ನಲ್ಲಿ), ಅಲ್ಲಿಗೆ ಎಲ್ಲಾ ಸರಿ. ನಡುವಿನ ತೂತು ಬೇರೆ: ಚಕ್ರದ ನಡುವೆ ತೂರುವ ನಮ್ಮ ಹಬ್ ಸುಮಾರು 100 ಮಿ.ಮೀ., ಫಾರ್ಚೂನರ್ ವೀಲ್‌ನ ತೂತು 106. ಟೈರ್ ಅಂಗಡಿಯವರು 'ಏನೂ ಆಗಲ್ಲ ಸಾರ್' ಅಂತ ಹಾಗೇ ಬಿಗಿದರು, 90 ದಾಟುತ್ತಿದ್ದಂತೆ ಸ್ಟಿಯರಿಂಗ್ ನಡುಗಲು ಶುರುವಾಯಿತು, ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಆ ಸಂದು ತುಂಬುವ ಹಬ್ ರಿಂಗ್ ಹಾಕಿಸಿದ ಮೇಲೆ ನಿಂತಿತು.

ನಟ್ ಕೂಡ ಬದಲಾಯಿಸಬೇಕು. ಟೊಯೋಟಾ ಅಲಾಯ್‌ಗೆ ಚಪ್ಪಟೆ ವಾಷರ್ ಇರುವ ನಟ್, ಇಸುಜುವಿನದು ಕೋನ್ ಆಕಾರದ್ದು. ಥ್ರೆಡ್ ಎರಡಕ್ಕೂ ಒಂದೇ, 12 ಮಿ.ಮೀ., 1.5 ಪಿಚ್. ಅಪಾಯ ಇರೋದೇ ಅಲ್ಲಿ: ತಪ್ಪು ನಟ್ಟೂ ಸಲೀಸಾಗಿ ತಿರುಗುತ್ತದೆ, ಬಿಗಿಯಾದಂತೆ ಅನ್ನಿಸುತ್ತದೆ, ಆದರೆ ಕಚ್ಚಿಕೊಂಡಿರುವುದು ತೂತಿನ ಅಂಚನ್ನು ಮಾತ್ರ.

ಸೆಕೆಂಡ್ ಹ್ಯಾಂಡ್ ವೀಲ್‌ಗೆ ಹೊಸದಾಗಿ ಪೇಂಟ್ ಹೊಡೆದಿದ್ದರೆ ಒಳಗೆ ವೆಲ್ಡಿಂಗ್ ಇದೆಯಾ ಅಂತ ಟೈರ್ ಹಾಕುವ ಮೊದಲೇ ನೋಡಿ. ನಾಲ್ಕಲ್ಲ, ಐದು ತಗೊಳ್ಳಿ. ಸ್ಟೆಪ್ನಿಯ ಎತ್ತರ ಬೇರೆ ಇದ್ದರೆ ಅದನ್ನು ಹಾಕಿಕೊಂಡು ಫೋರ್ ವೀಲ್ ಡ್ರೈವ್ ಹಾಕುವ ಹಾಗಿಲ್ಲ.